ಮರಕ್ಕೆ ಕುಡಿಸಿದ ವಿಷ

ಲಂಡನ್ನಿನ ಉತ್ತರಕ್ಕೆ, ಹರ್ಟ್‌ಫರ್ಡ್‌ಷೈರಿನಲ್ಲಿ ಅಯಟ್ ಸೇಂಟ್ ಲಾರೆನ್ಸ್ ಎಂಬ ಪುಟ್ಟ ಹಳ್ಳಿಯಿದೆ. ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ 1906ರಿಂದ 1950ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ್ದು ಅಲ್ಲಿ. ಮನೆಯ ಹಿಂದಿನ ತೋಟದ ಕೊನೆಗೆ ಎಂಟಡಿ ಉದ್ದ, ಎಂಟಡಿ ಅಗಲದ ಒಂದು ಮರದ ಗೂಡು ಇತ್ತು. ಷಾ ಬರೆಯುತ್ತಿದ್ದುದು ಅದರೊಳಗೆ. ಅದಕ್ಕೆ ‘ಲಂಡನ್’ ಎಂದು ಹೆಸರು. ಬೇಡದ ಅತಿಥಿಗಳು ಬಂದರೆ ಮನೆಯವರು “ಸಾಹೇಬರು ಲಂಡನ್ನಿಗೆ ಹೋಗಿದ್ದಾರೆ” ಎಂದು ಕಳಿಸಿಬಿಡುತ್ತಿದ್ದರಂತೆ. ಸುಳ್ಳು ಹೇಳಿದ ಪಾಪವೂ ಇಲ್ಲ, ಬರವಣಿಗೆಗೆ ಭಂಗವೂ ಇಲ್ಲ. ಗೂಡು ತಿರುಗುವಂಥದ್ದು, ಹೊತ್ತು ಸರಿದಂತೆ ನೂಕಿ ಬಿಸಿಲಿಗೆ ಮುಖ ಮಾಡಿಸಬಹುದಿತ್ತು. ಷಾ ತಿರುಗಿಸಿದ್ದು ತಮಗೆ ಬೆಳಕು ಬೇಕೆಂದು. ಆದರೆ ಗೋಡೆಯ ಹಲಗೆಗಳಿಗೂ ಸರದಿಯಲ್ಲಿ ಬಿಸಿಲು ಸಿಕ್ಕಿದ್ದರಿಂದ ಗೂಡಿಗೇ ಹೆಚ್ಚು ಲಾಭವಾಗಿರಬೇಕು.

ಏಕೆಂದರೆ ಇಂಗ್ಲೆಂಡಿನ ತೋಟದ ಶೆಡ್ಡಿನ ಕಥೆಯೆಲ್ಲ ಒದ್ದೆಯ ಕಥೆ. ಈ ಶೆಡ್ಡು ನಮ್ಮ ಕೊಟ್ಟಿಗೆಯಂತೆ ದನಕ್ಕಲ್ಲ, ಉಗ್ರಾಣದಂತೆ ದವಸಕ್ಕೂ ಅಲ್ಲ. ಗುದ್ದಲಿ, ಹಾರೆ, ಕುಂಡ, ಬೀಜದ ಪೊಟ್ಟಣ ಇಡಲಿಕ್ಕೆ, ಮಳೆ ಬಂದಾಗ ಒಬ್ಬ ಮನುಷ್ಯ ಚಹಾ ಹಿಡಿದು ಕೂರಲಿಕ್ಕೆ. 1908ರಲ್ಲಿ ಬಂದ ಕಾನೂನು ಪಟ್ಟಣದ ಬಡವರಿಗೂ ತರಕಾರಿ ಬೆಳೆಯಲು ತುಂಡು ಭೂಮಿ ಗೇಣಿಗೆ ಕೊಡುವುದನ್ನು ಸ್ಥಳೀಯ ಆಡಳಿತಗಳ ಹೊಣೆಯಾಗಿಸಿತು. ಅಂಥ ತುಂಡುಗಳ ಅಂಚಿನಲ್ಲಿ ಶೆಡ್ಡುಗಳು ಎದ್ದವು. ಹಳೆಯ ಬಾಗಿಲು, ಪೆಟ್ಟಿಗೆಯ ಹಲಗೆ, ಕೈಗೆ ಸಿಕ್ಕ ಅಗ್ಗದ ಪೈನ್. ತೇಗ, ಓಕ್ ಅಂಥವರ ಕೈಗೆಟುಕುವ ಮಾತಲ್ಲ.

ಅಗ್ಗದ ಮರ ಬೇಗ ಕೊಳೆಯುತ್ತದೆ. ಕೊಳೆಸುವುದು ನೀರೆಂದು ಜನ ತಿಳಿದಿದ್ದರೂ ಕೆಲಸ ಮಾಡುವುದು ಶಿಲೀಂಧ್ರ. ನೀರು ಅದಕ್ಕೆ ಊಟಕ್ಕೆ ಎಲೆ ಹಾಕಿಕೊಡುತ್ತದೆ, ಅಷ್ಟೆ. ಮರದಲ್ಲಿನ ತೇವ ನೂರಕ್ಕೆ ಇಪ್ಪತ್ತರೊಳಗೆ ಉಳಿದರೆ ಶಿಲೀಂಧ್ರಕ್ಕೆ ಬದುಕಿಲ್ಲ. ಪೂರ್ತಿ ಮುಳುಗಿದ ಮರವೂ ಗಾಳಿಯಿಲ್ಲದೆ ಬಹುಕಾಲ ಉಳಿಯುತ್ತದೆ. ಅದಕ್ಕೇ ಬೇಲಿಯ ಗೂಟ ಯಾವಾಗಲೂ ಮುರಿಯುವುದು ನೆಲದ ಮಟ್ಟದಲ್ಲಿ: ಗಾಳಿಯೂ ನೀರೂ ಕೂಡುವ ಜಾಗ ಅದೊಂದೇ. ಶೆಡ್ಡು ಸಾಯುವುದೂ ಹಾಗೆಯೇ, ಮಣ್ಣಿಗೆ ತಾಗಿದ ಅಡಿ ಹಲಗೆಯಿಂದ ಮೇಲಕ್ಕೆ.

ಇದಕ್ಕೆ ಮದ್ದು ಹುಡುಕಿದವರ ಚರಿತ್ರೆಯಲ್ಲಿ ಒಂದು ತಮಾಷೆಯಿದೆ. ಮದ್ದುಗಳಲ್ಲಿ ಬಹಳಷ್ಟು ಬೇರೆ ಯಾವುದೋ ಕಸುಬಿನ ಕಸ. ಸ್ವೀಡನ್ನಿನ ಹಳ್ಳಿಗಳ ಕೊಟ್ಟಿಗೆ, ಶೆಡ್ಡು, ಮನೆಗಳಿಗೆಲ್ಲ ಒಂದೇ ಕೆಂಪು ಬಣ್ಣ. ಅದು ಫಾಲುನ್ ಊರಿನ ತಾಮ್ರದ ಗಣಿ ಹೊರಗೆಸೆದ ಮಣ್ಣು. ಕಬ್ಬಿಣ, ತಾಮ್ರ, ಸತುವಿನ ಅಂಶ ಬೆರೆತ ಆ ಮಣ್ಣನ್ನು ಸುಟ್ಟು, ಪುಡಿ ಮಾಡಿ, ರೈ ಹಿಟ್ಟಿನ ಗಂಜಿಯಲ್ಲಿ ಅಗಸೆ ಎಣ್ಣೆ ಸೇರಿಸಿ ಕುದಿಸಿ ಬಳಿಯುತ್ತಾರೆ. ಗಣಿ 1992ರಲ್ಲಿ ಮುಚ್ಚಿತು. ಬಣ್ಣ ಇನ್ನೂ ಮಾರಾಟದಲ್ಲಿದೆ. ಪಕ್ಕದ ನಾರ್ವೆಯಲ್ಲಿ ಹನ್ನೆರಡನೆಯ ಶತಮಾನದ ಮರದ ಚರ್ಚುಗಳು ಇವತ್ತಿಗೂ ನಿಂತಿರುವುದು ಪೈನ್ ಬೇರನ್ನು ಬೇಯಿಸಿ ತೆಗೆದ ಡಾಂಬರನ್ನು ತಲೆಮಾರುಗಳ ಕಾಲ ಮತ್ತೆ ಮತ್ತೆ ಬಳಿಯುತ್ತ ಬಂದದ್ದರಿಂದ.

ಬ್ರಿಟನ್ನಿನಲ್ಲಿ ಈ ಕೆಲಸ ವಿಜ್ಞಾನದ ವೇಷ ತೊಟ್ಟಿದ್ದು 1832ರಲ್ಲಿ. ಜಾನ್ ಹೊವಾರ್ಡ್ ಕಯಾನ್ ಎಂಬಾತ ಪಾದರಸದ ಕ್ಲೋರೈಡಿನಲ್ಲಿ ಮರ ನೆನೆಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷ ಮೈಕೆಲ್ ಫ್ಯಾರಡೆಯೇ ಅದರ ಬಗ್ಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸ ಕೊಟ್ಟರು. ಆದರೆ ಈ ಮದ್ದು ದುಬಾರಿ, ಮನುಷ್ಯರಿಗೂ ವಿಷ, ಮೇಲಾಗಿ ಕಬ್ಬಿಣದ ಮೊಳೆ, ತೊಟ್ಟಿಗಳನ್ನು ತಿಂದುಹಾಕುತ್ತಿತ್ತು. ಮರ ಉಳಿದು ಮೊಳೆ ಹೋದರೆ ಶೆಡ್ಡಂತೂ ಬಿದ್ದೇ ಬೀಳುತ್ತದೆ.

1838ರಲ್ಲಿ ಜಾನ್ ಬೆಥೆಲ್ ಬಂದ. ಆಗ ಲಂಡನ್ನಿನ ಬೀದಿಗಳಲ್ಲಿ ಕಲ್ಲಿದ್ದಲ ಅನಿಲದ ದೀಪ ಉರಿಯಲು ಹತ್ತಿ ಕಾಲು ಶತಮಾನವಾಗಿತ್ತು. ಅನಿಲ ತೆಗೆದ ಮೇಲೆ ಉಳಿಯುವ ಕಲ್ಲಿದ್ದಲ ಡಾಂಬರನ್ನು ಏನು ಮಾಡುವುದೆಂದು ಕಾರ್ಖಾನೆಗಳಿಗೆ ತಲೆನೋವು. ಬೆಥೆಲ್ ಆ ಡಾಂಬರಿನಿಂದ ಬಟ್ಟಿ ಇಳಿಸಿದ ಎಣ್ಣೆಯನ್ನು ಹಿಡಿದ. ಮರವನ್ನು ಕಬ್ಬಿಣದ ದೊಡ್ಡ ಕೊಳವೆಯೊಳಗೆ ತಳ್ಳಿ, ಬಾಗಿಲು ಬಿಗಿದು, ಗಾಳಿಯನ್ನು ಹೀರಿ ಹೊರಹಾಕಿ, ಬಿಸಿ ಎಣ್ಣೆಯನ್ನು ಒತ್ತಡದಲ್ಲಿ ನುಗ್ಗಿಸಿದ. ಮೇಲೆ ಬಳಿಯುವ ಮದ್ದು ಒಳಗೆ ಕುಡಿಸುವ ಮದ್ದಾಯಿತು. ಆ ಕೊಳವೆ ಇವತ್ತಿಗೂ ಈ ಉದ್ಯಮದ ಹೃದಯ. ಎಣ್ಣೆಗೆ ಬಂದ ಹೆಸರು ಮಾತ್ರ ಎರವಲು. ಜರ್ಮನಿಯ ರೈಖನ್‌ಬಾಖ್ 1830ರ ದಶಕದ ಆರಂಭದಲ್ಲಿ ಬೀಚ್ ಮರದ ಡಾಂಬರಿನಿಂದ ತೆಗೆದ, ಮಾಂಸ ಕೆಡದಂತೆ ಕಾಯುವ ದ್ರವಕ್ಕೆ ಗ್ರೀಕಿನಲ್ಲಿ ‘ಮಾಂಸರಕ್ಷಕ’ ಎಂಬ ಅರ್ಥ ಬರುವಂತೆ ಕ್ರಿಯೋಸೋಟ್ ಎಂದು ಹೆಸರಿಟ್ಟಿದ್ದ. ಕಲ್ಲಿದ್ದಲ ಎಣ್ಣೆ ಅದೇ ಹೆಸರಿನಲ್ಲಿ ಪ್ರಸಿದ್ಧವಾಯಿತು.

ಕ್ರಿಯೋಸೋಟ್ ಮೊದಲು ಹೋದದ್ದು ರೈಲು ಹಳಿಯ ಸ್ಲೀಪರುಗಳಿಗೆ, ಬಂದರಿನ ಕಂಬಗಳಿಗೆ, ತಂತಿ ಕಂಬಗಳಿಗೆ. ಶೆಡ್ಡಿಗೆ ಅದು ಡಬ್ಬಿಯಲ್ಲಿ ಬಂತು. ಬೇಸಿಗೆಯ ಒಂದು ಭಾನುವಾರ ಹಳೆಯ ಅಂಗಿ ತೊಟ್ಟು, ಕುಂಚ ಹಿಡಿದು ಶೆಡ್ಡಿಗೆ ಕ್ರಿಯೋಸೋಟ್ ಬಳಿಯುವುದು ಇಂಗ್ಲಿಷ್ ಮನೆಯೊಡೆಯನ ವ್ರತವೇ ಆಯಿತು. ಕಂದುಗಪ್ಪು ಬಣ್ಣ, ದಿನಗಟ್ಟಲೆ ಹೋಗದ ಡಾಂಬರಿನ ವಾಸನೆ, ಕೈಗೆ ತಾಗಿದರೆ ಉರಿ. ಹೊಸದಾಗಿ ಬಳಿದ ಗೋಡೆಗೆ ಹಬ್ಬಿದ ಬಳ್ಳಿ ಕರಕಲಾಗುತ್ತಿತ್ತು. ಹಾಗಿದ್ದರೂ ತಂದೆ ಬಳಿದದ್ದನ್ನೇ ಮಗನೂ ಬಳಿದ.

ಇತ್ತ ಹಿಂದೂಸ್ತಾನದಲ್ಲಿ ಶತ್ರು ಇಬ್ಬರು. ಶಿಲೀಂಧ್ರದ ಜೊತೆಗೆ ಗೆದ್ದಲು. ಕರಾವಳಿ, ಮಲೆನಾಡಿನವರ ಬಾಯಲ್ಲಿ ಒರಲೆ. 1850ರ ದಶಕದಲ್ಲಿ ಇಲ್ಲಿ ರೈಲು ಹಾಕಹೊರಟ ಕಂಪನಿಗಳು ಬಾಲ್ಟಿಕ್ ತೀರದ ಪೈನ್ ಮರಕ್ಕೆ ಇಂಗ್ಲೆಂಡಿನಲ್ಲಿ ಕ್ರಿಯೋಸೋಟ್ ಕುಡಿಸಿ, ಹಡಗಿನಲ್ಲಿ ಹೇರಿ ತರಿಸಿದ್ದುಂಟು. ಕಾಡಿನ ನಾಡಿಗೆ ಕಡಲಾಚೆಯ ಮರ! ಕಾರಣವಿಲ್ಲದಿಲ್ಲ. ತೇಗ, ಸಾಲದಂಥ ಗಟ್ಟಿ ಮರಗಳ ತಿರುಳಿಗೆ ಒರಲೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಅವುಗಳ ಮೇಲೆ ಹಡಗುಕಟ್ಟೆಗಳಿಂದ ಬ್ಯಾರಕ್ಕುಗಳವರೆಗೆ ಎಲ್ಲರಿಗೂ ಕಣ್ಣು. ಉಳಿದ ನೂರಾರು ಜಾತಿಯ ಮರಗಳು ಕಡಿದ ಎರಡು ಮಳೆಗಾಲದಲ್ಲಿ ಹಿಟ್ಟಾಗುವಂಥವು. ಅವನ್ನು ಬಾಳುವಂತೆ ಮಾಡುವುದು ಹೇಗೆಂಬುದು ಡೆಹ್ರಾಡೂನಿನಲ್ಲಿ 1906ರಲ್ಲಿ ಶುರುವಾದ ಅರಣ್ಯ ಸಂಶೋಧನಾ ಸಂಸ್ಥೆಯ ದೊಡ್ಡ ಪ್ರಶ್ನೆಗಳಲ್ಲಿ ಒಂದಾಯಿತು. 1920ರ ದಶಕದಲ್ಲಿ ಪಂಜಾಬಿನ ಧಿಲ್ವಾನಿನಲ್ಲಿ ಸ್ಲೀಪರುಗಳಿಗೆ ಕ್ರಿಯೋಸೋಟ್ ಕುಡಿಸುವ ಕಾರ್ಖಾನೆ ಎದ್ದಿತು.

ಮರದ ಬಾಳಿಕೆ ಅಳೆಯಲು ಈ ವಿಜ್ಞಾನಿಗಳು ಮಾಡುವ ಪರೀಕ್ಷೆಯ ಹೆಸರು ಕೇಳಿದರೆ ನಗು ಬರಬೇಕು: ಸ್ಮಶಾನ ಪರೀಕ್ಷೆ. ಒರಲೆ ಸಮೃದ್ಧವಾಗಿರುವ ಬಯಲಿನಲ್ಲಿ ಸಾಲಾಗಿ ಮರದ ತುಂಡುಗಳನ್ನು ಅರ್ಧ ಹೂತು, ವರ್ಷವರ್ಷವೂ ಕಿತ್ತು ನೋಡುತ್ತಾರೆ. ಸರಾಸರಿ 120 ತಿಂಗಳಿಗೂ ಹೆಚ್ಚು ನಿಂತದ್ದು ಮೊದಲ ದರ್ಜೆ, 60 ತಿಂಗಳೂ ನಿಲ್ಲದ್ದು ಕೊನೆಯ ದರ್ಜೆ. ತೇಗ ಮೊದಲನೆಯದರಲ್ಲಿ, ಬೂರುಗ ಕೊನೆಯದರಲ್ಲಿ. ಮಲೆನಾಡಿನ ಆಚಾರಿಗೆ ಇದನ್ನು ಯಾವ ಸ್ಮಶಾನವೂ ಹೇಳಿಕೊಡಬೇಕಿರಲಿಲ್ಲ.

ಆ ಆಚಾರಿಯ ಲೆಕ್ಕಾಚಾರ ಮದ್ದಿನಿಂದ ಶುರುವಾಗುತ್ತಿರಲಿಲ್ಲ. ಕಂಬವನ್ನು ಎಂದೂ ಮಣ್ಣಿನಲ್ಲಿ ನೆಡದೆ ಕಲ್ಲಿನ ಮೇಲೆ ನಿಲ್ಲಿಸುವುದು, ಮಾಡನ್ನು ಗೋಡೆಯಿಂದ ಎರಡು ಮೊಳ ಹೊರಚಾಚುವುದು, ಹೊರಗಿನ ಬಿಳಿ ಭಾಗವನ್ನು ಕೆತ್ತಿ ಬಿಸಾಕಿ ತಿರುಳನ್ನಷ್ಟೇ ಬಳಸುವುದು. ಒಲೆಯ ಹೊಗೆ ವರ್ಷವಿಡೀ ಅಟ್ಟವನ್ನು ಕಪ್ಪಾಗಿಸುತ್ತ ತೇವವನ್ನೂ ಹುಳವನ್ನೂ ದೂರವಿಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡು ಕ್ರಮೇಣ ಹಂಚಾಯಿತು, ಕೆಳಗಿನ ಪಕಾಸು, ರೀಪುಗಳು ವರ್ಷವರ್ಷ ನೆನೆಯುವುದು ತಪ್ಪಿತು.

ಮದ್ದು ಬಂದದ್ದು ಇನ್ನೊಂದು ಕಾರ್ಖಾನೆಯ ಕಸವಾಗಿ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಈ ತೀರಕ್ಕೆ ತಂದ ಗೇರುಮರ ಇಲ್ಲಿನದೇ ಎಂಬಂತೆ ಗುಡ್ಡ ತುಂಬಿತು. ಮಂಗಳೂರಿನಲ್ಲಿ 1920ರ ದಶಕದಿಂದ ಗೇರುಬೀಜದ ಕಾರ್ಖಾನೆಗಳು ಬೆಳೆದವು. ಬೀಜದ ಸಿಪ್ಪೆಯ ಎರಡು ಪದರಗಳ ನಡುವೆ ಜೇನುಗೂಡಿನಂಥ ಕೋಶಗಳಲ್ಲಿ ಅಂಟಾದ ಎಣ್ಣೆಯಿರುತ್ತದೆ. ಮುಟ್ಟಿದರೆ ಚರ್ಮ ಸುಡುತ್ತದೆ. ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಂಡು ಬೀಜ ಒಡೆಯುತ್ತಿದ್ದ ಹೆಂಗಸರ ಬೆರಳುಗಳು ಕಪ್ಪಾಗಿ ಬಿರಿಯುತ್ತಿದ್ದವು. ಅವರ ಕೈ ಸುಟ್ಟ ಆ ಗೇರೆಣ್ಣೆಯೇ ದೋಣಿಯ ಹೊಟ್ಟೆಗೆ, ತೋಟದ ಮನೆಯ ಪಕಾಸಿಗೆ, ಕೊಟ್ಟಿಗೆಯ ಬಾಗಿಲ ದಾರಂದಕ್ಕೆ ಬಳಿಯುವ ಮದ್ದಾಯಿತು. ಬಳಿದ ಮರ ಕಪ್ಪಗೆ ಮಿರುಗುತ್ತದೆ, ಒರಲೆ ಅತ್ತ ಸುಳಿಯುವುದಿಲ್ಲ.

ಭದ್ರಾವತಿಯನ್ನೂ ಇಲ್ಲಿ ನೆನೆಯಬೇಕು. 1923ರಲ್ಲಿ ಕೆಲಸ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಅದಿರು ಕರಗಿಸಲು ಕಲ್ಲಿದ್ದಲಿನ ಬದಲು ಇದ್ದಿಲು ಉರಿಸಿತು. ಸುತ್ತಲ ಕಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಮೀಥೈಲ್ ಆಲ್ಕೋಹಾಲು, ಸುಣ್ಣದ ಅಸಿಟೇಟು, ಜೊತೆಗೆ ಮರದ ಡಾಂಬರು ಇಳಿಯುತ್ತಿದ್ದವು. ನಾರ್ವೆಯವರು ಚರ್ಚಿಗೆ ಬಳಿದದ್ದೂ ಮರವನ್ನು ಕಾಯಿಸಿ ಇಳಿಸಿದ ಡಾಂಬರೇ.

ಕಸದ ಈ ವಂಶಾವಳಿಯಿಂದ ಹೊರಗೆ ನಿಲ್ಲುವ ಮದ್ದು ಒಂದಿದೆ. ಯಾವ ಕಾರ್ಖಾನೆಯೂ ಬಿಸಾಕಿದ್ದಲ್ಲ, ಒಬ್ಬ ಮನುಷ್ಯ ಕೂತು ಯೋಚಿಸಿ ಕೂಡಿಸಿದ್ದು. ಆತ ಸೋಂಟಿ ಕಾಮೇಶಂ, ಡೆಹ್ರಾಡೂನಿನ ಸಂಸ್ಥೆಯಲ್ಲಿದ್ದ ಎಂಜಿನಿಯರ್. ಅವರ ಮುಂದಿದ್ದ ತೊಡಕು ಇಷ್ಟೆ: ನೀರಿನಲ್ಲಿ ಕರಗುವ ಲವಣಗಳು ಅಗ್ಗ, ವಾಸನೆಯಿಲ್ಲ, ಮರದೊಳಕ್ಕೆ ಸಲೀಸಾಗಿ ಇಳಿಯುತ್ತವೆ, ಆದರೆ ಬಂದ ದಾರಿಯಲ್ಲೇ ಮಳೆನೀರಿನ ಜೊತೆ ಹೊರಟುಹೋಗುತ್ತವೆ. ಒಳಗೆ ಹೋಗುವಾಗ ಕರಗಿರಬೇಕು, ಹೋದ ಮೇಲೆ ಕರಗಬಾರದು. ಮೊದಲು ಜರ್ಮನಿಯ ಶಿಲೀಂಧ್ರ ವಿಜ್ಞಾನಿ ರಿಚರ್ಡ್ ಫಾಲ್ಕ್ ಜೊತೆ ಸೇರಿ ಆರ್ಸೆನಿಕ್ಕಿಗೆ ಡೈಕ್ರೋಮೇಟ್ ಬೆರೆಸಿದರು. ಇಬ್ಬರ ಹೆಸರನ್ನೂ ಹೊಸೆದು ಅದಕ್ಕೆ ಫಾಲ್ಕಾಮೇಶಂ ಎಂದು ಹೆಸರಾಯಿತು. 1933ರಲ್ಲಿ ಕಾಮೇಶಂ ಅದಕ್ಕೆ ತಾಮ್ರವನ್ನೂ ಸೇರಿಸಿದರು.

ತಾಮ್ರ ಏನು ಮಾಡುತ್ತದೆಂದು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣವನ್ನು ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಲೆನಾಡಿನ ತೋಟಗಳಿಗೆ ಹತ್ತಿಸಿದ್ದರು. ಶಿಲೀಂಧ್ರಕ್ಕೆ ತಾಮ್ರ, ಒರಲೆಗೂ ತಾಮ್ರಕ್ಕೆ ಬಗ್ಗದ ಹಟಮಾರಿ ಶಿಲೀಂಧ್ರಗಳಿಗೂ ಪಾಷಾಣ, ಅಂದರೆ ಆರ್ಸೆನಿಕ್. ಡೈಕ್ರೋಮೇಟಿನಲ್ಲಿರುವ ಕ್ರೋಮಿಯಂ ಯಾರನ್ನೂ ಕೊಲ್ಲಲಿಕ್ಕೆ ಬಂದದ್ದಲ್ಲ. ಮರದ ನಾರಿನೊಡನೆ ವರ್ತಿಸಿ ತನ್ನ ರೂಪ ಬದಲಿಸಿಕೊಂಡು ಉಳಿದಿಬ್ಬರನ್ನೂ ಅಲ್ಲೇ ಕಟ್ಟಿಹಾಕುವುದು ಅದರ ಕೆಲಸ. ಬೆಥೆಲ್‌ನ ಕೊಳವೆಯಲ್ಲೇ ಕುಡಿಸಬಹುದು, ಒಣಗಿದರೆ ವಾಸನೆಯಿಲ್ಲ, ಮೇಲೆ ಬಣ್ಣ ಬಳಿಯಬಹುದು. ಮರಕ್ಕೆ ಬರುವುದು ತಿಳಿಹಸಿರು ಛಾಯೆ. ಆರ್ಸೆನಿಕ್, ತಾಮ್ರಗಳ ರಾಸಾಯನಿಕ ಚಿಹ್ನೆಗಳಾದ ‘ಎಎಸ್’, ‘ಸಿಯು’ ಕೂಡಿಸಿದರೆ ಬರುವ ‘ಆಸ್ಕು’ ಅದರ ಹೆಸರಾಯಿತು. ಕಟ್ಟಿಹಾಕಿದ ಕ್ರೋಮಿಯಂಗೆ ಹೆಸರಿನಲ್ಲಿ ಪಾಲು ಸಿಗಲಿಲ್ಲ.

ಕಾಮೇಶಂ ಯೋಚಿಸಿದ್ದು ಭಾರತದ ಅಗ್ಗದ ಮರಗಳ ಬಗ್ಗೆ. ಮದ್ದು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಟೆಲಿಫೋನ್ ಕಂಬಕ್ಕೆ ಚೆಸ್ಟ್‌ನಟ್ ಎಂಬ ತಾನಾಗಿಯೇ ಬಾಳುವ ಮರ ಬಳಕೆಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೊರಗಿನಿಂದ ಬಂದ ಒಂದು ಶಿಲೀಂಧ್ರ ರೋಗ ಆ ಮರದ ಕಾಡುಗಳನ್ನೇ ಬೋಳಿಸಿತು. ಉಳಿದದ್ದು ದಕ್ಷಿಣದ ಪೈನ್. ಅದಕ್ಕೆ ಮದ್ದು ಕುಡಿಸದೆ ಗತಿಯಿಲ್ಲ. ಕ್ರಿಯೋಸೋಟ್ ಕಂಬ ಬಿಸಿಲಿಗೆ ಎಣ್ಣೆ ಒಸರುತ್ತದೆ, ಹತ್ತುವವನ ಬಟ್ಟೆಗೆ, ಮೈಗೆ ಬಳಿಯುತ್ತದೆ. ಬೆಲ್ ಟೆಲಿಫೋನ್ ವ್ಯವಸ್ಥೆಯವರು ಶುಭ್ರವಾದ ಮದ್ದು ಹುಡುಕುತ್ತಿದ್ದಾಗ ಕಾಮೇಶಂ ಅವರ ಲವಣ ಕಣ್ಣಿಗೆ ಬಿತ್ತು. 1938ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಬೆಲ್‌ನವರ ಬಾಯಲ್ಲಿ ಅದು ‘ಗ್ರೀನ್‌ಸಾಲ್ಟ್’, ಹಸಿರುಪ್ಪು. ಬ್ರಿಟನ್ನಿನಲ್ಲಿ ಇದೇ ಮೂರರ ಕೂಟ ಟ್ಯಾನಲಿತ್ ಸಿ ಎಂಬ ಹೆಸರಿನಲ್ಲಿ ಬಂತು, ಶೆಡ್ಡು ಮಾರುವವರು ‘ಟ್ಯಾನಲೈಸ್ಡ್’ ಎಂಬ ಪದವನ್ನು ಜಾಹೀರಾತಿನಲ್ಲಿ ಮೆರೆಸಿದರು.

ಕಂಬದಿಂದ ಹಿತ್ತಲಿಗೆ ಇಳಿಯಲು ಮೂರು ದಶಕ ಬೇಕಾಯಿತು. 1970ರ ದಶಕದಿಂದಾಚೆ ಅಮೆರಿಕದ ಮನೆಗಳ ಹಿಂದೆ ಮರದ ಜಗಲಿ, ಶೆಡ್ಡು, ಬೇಲಿ, ಮಕ್ಕಳ ಜಾರುಬಂಡಿ ಎಲ್ಲಕ್ಕೂ ತಿಳಿಹಸಿರು ಹಲಗೆಯೇ. ವರ್ಷವರ್ಷ ಕುಂಚ ಹಿಡಿಯುವ ವ್ರತ ತಪ್ಪಿತು. ಆ ಹಲಗೆಯ ಮೂಲ ಡೆಹ್ರಾಡೂನಿನ ಪ್ರಯೋಗಾಲಯವೆಂದು ಆ ಜಗಲಿಗಳ ಮೇಲೆ ಕೂತು ಮಾಂಸ ಸುಡುತ್ತಿದ್ದವರಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿಲ್ಲವೆನ್ನುವುದು ಹೆಚ್ಚು ನಾಚಿಕೆಯ ಸಂಗತಿ. ಭಾರತದ ಆವಿಷ್ಕಾರಗಳ ಪಟ್ಟಿ ಒಪ್ಪಿಸುವ ಭಾಷಣಗಳಲ್ಲಿ ಪುಷ್ಪಕ ವಿಮಾನಕ್ಕೆ ಜಾಗವಿರುತ್ತದೆ, ಕಾಮೇಶಂಗೆ ಇರುವುದಿಲ್ಲ.

ಕ್ರೋಮಿಯಂ ಹಾಕಿದ ಕಟ್ಟು ಮಾತ್ರ ಪೂರ್ತಿ ಬಿಗಿಯಾಗಿರಲಿಲ್ಲ. ಕನೆಟಿಕಟ್ ರಾಜ್ಯದ ಕೃಷಿ ಸಂಶೋಧಕರು ಇಂಥ ಮರದ ಜಗಲಿಗಳ ಕೆಳಗಿನ ಮಣ್ಣು ತೆಗೆದು ನೋಡಿ 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಿಲೋ ಮಣ್ಣಿಗೆ ಸರಾಸರಿ 76 ಮಿಲಿಗ್ರಾಂ ಆರ್ಸೆನಿಕ್ ಇತ್ತು; ಸುತ್ತಲ ಸಾಮಾನ್ಯ ಮಣ್ಣಿನಲ್ಲಿ ಅದು ಬೆರಳೆಣಿಕೆಯಷ್ಟು. ಜಾರುಬಂಡಿ ಮುಟ್ಟಿದ ಮಗುವಿನ ಕೈ ಬಾಯಿಗೆ ಹೋಗುತ್ತದೆಂಬ ಭಯ ಪತ್ರಿಕೆಗಳಿಗೆ ಹಬ್ಬಿತು. 2002ರ ಫೆಬ್ರವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಟಣೆ ಬಂತು: ತಯಾರಕರು ಮನೆಬಳಕೆಯ ಮರಕ್ಕೆ ಈ ಮದ್ದು ಕುಡಿಸುವುದನ್ನು 2003ರ ಡಿಸೆಂಬರ್ ಕೊನೆಗೆ ನಿಲ್ಲಿಸಲು ಒಪ್ಪಿದ್ದಾರೆ. ಯುರೋಪು ಮರುವರ್ಷ ಅದೇ ದಾರಿ ಹಿಡಿಯಿತು. ಅದೇ 2003ರಲ್ಲಿ ಬ್ರಿಟನ್ ಕ್ರಿಯೋಸೋಟ್ ಡಬ್ಬಿಯನ್ನೂ ಸಾಮಾನ್ಯ ಜನರಿಗೆ ಮಾರದಂತೆ ತಡೆಯಿತು. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿದ್ದವು. ಶೆಡ್ಡಿನ ಎರಡೂ ಕಾವಲುಗಾರರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಲಸ ಕಳೆದುಕೊಂಡರು.

ಬದಲಿಗೆ ಬಂದ ಮದ್ದುಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಹೆಚ್ಚು. ಇವು ಸಾದಾ ಕಬ್ಬಿಣದ ಮೊಳೆಯನ್ನು ಬೇಗ ತಿನ್ನುತ್ತವೆ, ಹಾಗಾಗಿ ದಪ್ಪ ಸತುವಿನ ಲೇಪದ್ದೋ ಸ್ಟೇನ್‌ಲೆಸ್ ಉಕ್ಕಿನದೋ ಮೊಳೆ ಬೇಕು. ಕಯಾನ್‌ನ ಕಾಲದ ದೂರು ಹೊಸ ವೇಷದಲ್ಲಿ ಮರಳಿತು. ಬೋರಾನ್ ಲವಣಗಳು ಮನುಷ್ಯರಿಗೆ ಹೆಚ್ಚು ಸೌಮ್ಯ, ಆದರೆ ಮಳೆಗೆ ಕರಗಿ ಹೋಗುತ್ತವೆ. ಮಾಡಿನಡಿ ಒಣಗಿರುವ ಮರಕ್ಕಷ್ಟೇ ಸರಿ. 2004ಕ್ಕಿಂತ ಹಿಂದೆ ಕಟ್ಟಿದ ಹಸಿರು ಶೆಡ್ಡುಗಳು ಬೂದಿ ಬಣ್ಣಕ್ಕೆ ತಿರುಗಿ ಇನ್ನೂ ಎಷ್ಟೋ ಹಿತ್ತಲುಗಳಲ್ಲಿ ನಿಂತಿವೆ. ಅವುಗಳ ಒಡೆಯರಿಗೆ ಸಿಗುವ ಸಲಹೆ ಇಂಗ್ಲೆಂಡಿನ ಹಳೆಯ ವ್ರತದಂತೆಯೇ ಇದೆ: ಒಂದೆರಡು ವರ್ಷಕ್ಕೊಮ್ಮೆ ಎಣ್ಣೆ ಮೂಲದ ಲೇಪ ಬಳಿಯಿರಿ. ಈಗ ಅದು ಮಳೆ ಒಳಗೆ ಹೋಗದಿರಲೆಂದಷ್ಟೇ ಅಲ್ಲ, ವಿಷ ಹೊರಗೆ ಬಾರದಿರಲೆಂದೂ. ಕೆಡವಿದ ಮೇಲೆ ಆ ಹಲಗೆಯನ್ನು ಒಲೆಗೆ ಹಾಕುವಂತಿಲ್ಲ. ಸುಟ್ಟರೆ ಪಾಷಾಣ ಹೊಗೆಗೂ ಬೂದಿಗೂ ಸೇರುತ್ತದೆ.

2005ರ ಏಪ್ರಿಲ್‌ನಲ್ಲಿ ಮರದ ರಕ್ಷಣೆಯ ಮೇಲೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಶೋಧಕರ ಬಳಗ ವಾರ್ಷಿಕ ಸಭೆಗೆ ಬೆಂಗಳೂರಿಗೆ ಬಂತು. ಅದೇ ಊರಿನ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿದ್ದು. ಕಾಮೇಶಂ ಅವರ ಅಮೆರಿಕದ ಪೇಟೆಂಟ್ ಬಂದದ್ದೂ ಅದೇ ವರ್ಷ. ಆರ್ಸೆನಿಕ್ ಇಲ್ಲದೆ ಮರ ಕಾಯುವುದು ಹೇಗೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದ ಹೊತ್ತಿನಲ್ಲಿ ಆ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗಕ್ಕೆ ಎತ್ತಿಕೊಂಡ ಎರಡು ಮದ್ದುಗಳೆಂದರೆ ತಾಮ್ರ ಬೆರೆಸಿದ ಬೇವಿನೆಣ್ಣೆ ಮತ್ತು ತಾಮ್ರ ಬೆರೆಸಿದ ಗೇರೆಣ್ಣೆ.